ಹಲವು ಕಾರಭಾರಿಗಳು, ಒಂದೇ ಕಿಟಕಿ

ಪುಣೆ ರೈಲು ನಿಲ್ದಾಣದಲ್ಲಿ ಮುಂಗಡ ಟಿಕೆಟಿನ ಕಿಟಕಿಯೆದುರು ಸಾಲಿನಲ್ಲಿ ನಿಂತು ಕಾಲು ನೋಯಿಸಿಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಹೋಟೆಲಿನ ಮಾಣಿಗೆ ಊರಿಗೆ ಹೋಗಲು ದೊರೆಯುವ ರಜೆ ಕೆಲವೇ ದಿನಗಳದು. ಕಚೇರಿಯ ಗುಮಾಸ್ತನ ಪಾಡೂ ಅದಕ್ಕಿಂತ ಬಹಳ ಮೇಲಲ್ಲ. ಹೋಗುವುದಕ್ಕೆ ಸ್ಥಳ ಸಿಕ್ಕರಷ್ಟೇ ಸಾಲದು, ಹೇಳಿದ ದಿನಕ್ಕೆ ಮರಳುವುದಕ್ಕೂ ಸ್ಥಳ ಸಿಗಬೇಕು. ಒಂದು ದಿನ ತಡವಾದರೆ ಗಲ್ಲೆಯ ಮೇಲೆ ಕುಳಿತ ಯಜಮಾನರ ಮುಖ ಹೇಗಿರುತ್ತದೆಂಬುದನ್ನು ವಾಚಕರಿಗೆ ಬರೆದು ತಿಳಿಸಬೇಕಾಗಿಲ್ಲ.

ಇಂದು ಹೋಗುವ ಟಿಕೆಟು, ಬರುವ ಟಿಕೆಟು ಎರಡನ್ನೂ ಒಂದೇ ಕಿಟಕಿಯಲ್ಲಿ, ಇಲ್ಲವೆ ಕೈಯಲ್ಲಿರುವ ಫೋನಿನಲ್ಲಿಯೇ ಪಡೆಯಬಹುದು. ಮೊದಲು ಹೀಗಿರಲಿಲ್ಲ. ಗಣಕಯಂತ್ರದಿಂದ ಸ್ಥಳ ಕಾದಿರಿಸುವ ಏರ್ಪಾಡು 1985ರಲ್ಲಿ ದಿಲ್ಲಿಯಲ್ಲಿ ಆರಂಭವಾಗಿ, ಮುಂದಿನ ಕೆಲವು ವರ್ಷಗಳಲ್ಲಿ ಮುಂಬಯಿ, ಕಲಕತ್ತೆ, ಮದ್ರಾಸು ಮತ್ತು ಸಿಕಂದರಾಬಾದುಗಳಿಗೆ ಹಬ್ಬಿತು. ಆದರೆ ಈ ಐದೂ ಐದು ಬೇರೆ ಬೇರೆ ಲೆಕ್ಕದ ಮನೆಗಳು. ಪುಣೆಯ ಕಿಟಕಿಗೆ ಮುಂಬಯಿಯ ಯಂತ್ರವೇ ಗತಿ. ಆಗ ದಕ್ಷಿಣ ಮಧ್ಯ ರೈಲ್ವೆಗೆ ಸೇರಿದ್ದ ಹುಬ್ಬಳ್ಳಿಯ ಲೆಕ್ಕ ಸಿಕಂದರಾಬಾದಿನದು. ದಕ್ಷಿಣ ರೈಲ್ವೆಗೆ ಸೇರಿದ್ದ ಬೆಂಗಳೂರು, ಮಂಗಳೂರುಗಳದು ಮದ್ರಾಸಿನದು. ಮರುಪ್ರಯಾಣದ ಸ್ಥಳಕ್ಕಾಗಿ ತಂತಿ ಕೊಟ್ಟು ಉತ್ತರಕ್ಕೆ ಕಾಯಬೇಕಾಗಿತ್ತು. ಯಂತ್ರಗಳು ಬಂದಿದ್ದವು, ಆದರೆ ಒಂದಕ್ಕೊಂದು ಮಾತು ಬರುತ್ತಿರಲಿಲ್ಲ.

ರೈಲ್ವೆಯ ಗಣಕ ಕಾರ್ಯಕ್ಕೆಂದೇ 1986ರಲ್ಲಿ ಸ್ಥಾಪಿತವಾದ ‘ಕ್ರಿಸ್’ ಎಂಬ ಸಂಸ್ಥೆ ಇದಕ್ಕೊಂದು ಉಪಾಯ ಹೂಡಿತು. ‘ಕಾನ್ಸರ್ಟ್’ ಎಂದು ಅದರ ಹೆಸರು. 1994ರಲ್ಲಿ ಸಿಕಂದರಾಬಾದಿನಲ್ಲಿ ಮೊದಲ ಪ್ರಯೋಗ. 1999ರ ಏಪ್ರಿಲ್ ವೇಳೆಗೆ ಐದೂ ಕೇಂದ್ರಗಳು ಜೋಡಣೆಗೊಂಡವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಐದನ್ನೂ ಕರಗಿಸಿ ಒಂದು ಮಹಾಯಂತ್ರ ಮಾಡಲಿಲ್ಲ. ಪ್ರತಿಯೊಂದು ಗಾಡಿಯ ಲೆಕ್ಕಪುಸ್ತಕ ಒಂದೇ ಮನೆಯಲ್ಲಿ ಉಳಿಯಿತು. ಪುಣೆಯ ಗುಮಾಸ್ತ ಗಾಡಿಯ ಸಂಖ್ಯೆ ಒತ್ತಿದೊಡನೆ ಆ ಪ್ರಶ್ನೆ ತನಗೆ ಸಂಬಂಧಿಸಿದ ಮನೆಯನ್ನು ತಾನೇ ಹುಡುಕಿಕೊಂಡು ಹೋಗಿ ಉತ್ತರ ತರುತ್ತಿತ್ತು. ಒಂದೇ ಬರ್ತನ್ನು ಪುಣೆಯಲ್ಲೊಬ್ಬನಿಗೆ, ಹುಬ್ಬಳ್ಳಿಯಲ್ಲೊಬ್ಬನಿಗೆ ಮಾರಿ ಇಬ್ಬರನ್ನೂ ಮೀರಜದಲ್ಲಿ ಜಗಳಕ್ಕೆ ಹಚ್ಚದಂತೆ ಕಾಯುವುದು ಈ ಒಡೆತನದ ಗೆರೆಯೇ. ಒಂದಾದದ್ದು ಲೆಕ್ಕವಲ್ಲ, ಕಿಟಕಿ.

ಹಳೆಯ ಈ ಕಥೆಯನ್ನು ತೆಗೆದದ್ದಕ್ಕೆ ಕಾರಣವುಂಟು. ನಮ್ಮ ಓಣಿಯ ಕನ್ನಡದ ತರುಣನೊಬ್ಬ ಹಿಂಜವಡಿಯ ಕಂಪನಿಯೊಂದರಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಅವನ ತಂದೆ ಮೂವತ್ತು ವರ್ಷ ಹೋಟೆಲಿನಲ್ಲಿ ದುಡಿದವರು. “ಮಗ ಏನು ಮಾಡುತ್ತಾನೋ ನನಗೆ ತಿಳಿಯದು, ಇಲ್ಲದ ಯಂತ್ರಗಳನ್ನು ಕಾಯುತ್ತಾನಂತೆ” ಎಂದು ಅವರು ನನ್ನೊಡನೆ ಹೇಳಿದರು. ಆ ತರುಣನನ್ನೇ ಕೂರಿಸಿ ಕೇಳಿದೆ. ಕೇಳಿದಷ್ಟನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಪುಣೆಯ ಪೇಠೆಗಳ ಹಳೆಯ ವಾಡೆಗಳನ್ನು ನೆನೆಯಿರಿ. ಕಟ್ಟಡ ಒಂದು, ಸಂಸಾರ ಹತ್ತು. ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಒಲೆ. ಬಾವಿ ಮಾತ್ರ ಎಲ್ಲರಿಗೂ ಒಂದೇ. ಅದೇ ರೀತಿ ಒಂದು ದೊಡ್ಡ ಗಣಕಯಂತ್ರದೊಳಗೆ ಹತ್ತಾರು ಯಂತ್ರಗಳು ವಾಸಿಸುವಂತೆ ಮಾಡಬಹುದು. ಪ್ರತಿಯೊಂದೂ ತಾನೇ ಸ್ವತಂತ್ರ ಯಂತ್ರವೆಂದು ಭಾವಿಸಿ ನಡೆಯುತ್ತದೆ. ಇವಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಮಿಥ್ಯಾಯಂತ್ರ ಎನ್ನೋಣವೆಂದರೆ ಉಡುಪಿಯ ಕಡೆಯವರು ಒಪ್ಪಲಾರರು. ನಮ್ಮ ಸಂಬಳದ ಲೆಕ್ಕ ನಿಜವಾಗಿಯೂ ಅದರೊಳಗೇ ನಡೆಯುತ್ತಿರಬಹುದಾದ್ದರಿಂದ ನಾನೂ ಆ ಹೆಸರನ್ನು ಒತ್ತಾಯಿಸುವುದಿಲ್ಲ.

ಇಂಥ ಅನೇಕ ವಾಡೆಗಳನ್ನು ನೋಡಿಕೊಳ್ಳಲು ಒಬ್ಬ ಕಾರಭಾರಿ ಬೇಕು. ಯಾವ ಸಂಸಾರಕ್ಕೆ ಎಷ್ಟು ಕೋಣೆ, ಎಷ್ಟು ನೀರು ಎಂದು ಹಂಚುವವನು ಅವನೇ. ಒಂದು ವಾಡೆ ದುರಸ್ತಿಗೆ ಬಂದರೆ ಒಲೆ ಆರದಂತೆ ಸಂಸಾರವನ್ನು ಇನ್ನೊಂದಕ್ಕೆ ಸಾಗಿಸುವವನೂ ಅವನೇ. ಅಮೆರಿಕದ ವಿಎಂವೇರ್ ಕಂಪನಿ ಮಾಡಿದ ‘ವಿಸೆಂಟರ್’ ಅಂಥದೊಂದು ಕಾರಭಾರಿ. ಅದೂ ಒಂದು ಗಣಕವೇ. ಆದರೆ ಕಂಪನಿಗೆ ಪುಣೆಯಲ್ಲಿ, ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ ಬೇರೆ ಬೇರೆ ಕಾರಭಾರಿಗಳಿದ್ದರೆ, ಪಾಳಿಯವನು ಒಬ್ಬೊಬ್ಬನ ಬಾಗಿಲಿಗೂ ಬೇರೆ ಕೀಲಿ ಹಿಡಿದು ಅಲೆಯಬೇಕು. ನಮ್ಮ ಹಳೆಯ ಐದು ಲೆಕ್ಕದ ಮನೆಗಳ ತೊಂದರೆಯೇ ಇದು.

ಆ ಕಂಪನಿ 2009ರಲ್ಲಿ ‘ಲಿಂಕ್ಡ್ ಮೋಡ್’ ಎಂಬ ಜೋಡಣೆಯನ್ನು ತಂದಿತು. 2015ರಲ್ಲಿ ಅದನ್ನು ಸುಧಾರಿಸಿತು. 2018ರ ಆವೃತ್ತಿಯ ವೇಳೆಗೆ ಹದಿನೈದು ಕಾರಭಾರಿಗಳನ್ನು ಹೀಗೆ ಕೂಡಿಸಬಹುದಾಗಿತ್ತು. ಒಮ್ಮೆ ಒಳಗೆ ಬಂದವನಿಗೆ ಎಲ್ಲ ಊರುಗಳ ಯಂತ್ರಗಳೂ ಒಂದೇ ಪರದೆಯ ಮೇಲೆ ಕಾಣುತ್ತವೆ. ಕಾರಭಾರಿಗಳು ತಮ್ಮತಮ್ಮೊಳಗೆ ನಕಲು ಮಾಡಿಕೊಳ್ಳುವುದು ಒಂದು ದಫ್ತರವನ್ನು ಮಾತ್ರ: ಯಾರಿಗೆ ಪ್ರವೇಶ, ಯಾರಿಗೆ ಎಷ್ಟು ಅಧಿಕಾರ, ಯಾವ ಪರವಾನಗಿ ಎಂಬುದು. ಸಂಸಾರಗಳು ಅವರವರ ವಾಡೆಯಲ್ಲಿಯೇ, ಪಟ್ಟಿ ಅವರವರ ಕಾರಭಾರಿಯಲ್ಲಿಯೇ. ಪುಣೆಯ ಕಾರಭಾರಿ ಹಾಸಿಗೆ ಹಿಡಿದರೆ ಪುಣೆಯ ಪಟ್ಟಿ ಪರದೆಯಿಂದ ಮರೆಯಾಗುತ್ತದೆ, ಬೆಂಗಳೂರಿನದು ಉಳಿಯುತ್ತದೆ. ಪುಣೆಯ ವಾಡೆಗಳಲ್ಲಿಯೂ ಒಲೆ ಆರುವುದಿಲ್ಲ, ಹೊಸ ಕೋಣೆ ಹಂಚುವವನಿಲ್ಲ, ಅಷ್ಟೇ. ಇದು ಬುದ್ಧಿವಂತಿಕೆಯ ಏರ್ಪಾಡೆಂದು ನನಗೆ ತೋರಿತು.

ಆದರೆ ರೈಲಿನ ಕಿಟಕಿಗೂ ಈ ಕಿಟಕಿಗೂ ಒಂದು ದೊಡ್ಡ ಭೇದವಿದೆ. ಪುಣೆಯ ಟಿಕೆಟು ಗುಮಾಸ್ತ ಸಿಕಂದರಾಬಾದಿನ ಗಾಡಿಯಲ್ಲಿ ಬರ್ತು ಮಾರಬಲ್ಲ, ಗಾಡಿಯನ್ನೇ ರದ್ದು ಮಾಡಲಾರ. ಇಲ್ಲಿ ಆಡಳಿತಗಾರನ ಪೂರ್ಣ ಅಧಿಕಾರವುಳ್ಳವನು ಜೋಡಣೆಗೊಂಡ ಎಲ್ಲ ಊರುಗಳಲ್ಲಿಯೂ ಒಲೆ ಆರಿಸಬಲ್ಲ, ಬಾಗಿಲು ಕೀಳಬಲ್ಲ. ದಫ್ತರ ಒಂದೇ ಆದ್ದರಿಂದ ಕೀಲಿಯೂ ಒಂದೇ. ಅದು ಕಳ್ಳನ ಕೈಗೆ ಸಿಕ್ಕರೆ?

ಅಧಿಕಾರದ ಕೀಲಿ ಕಳ್ಳರ ಕೈ ಸೇರಿದಾಗ ಆಗುವುದೇನೆಂಬುದನ್ನು ಹೋಟೆಲಿನವರೇ ಕಂಡಿದ್ದಾರೆ, ಆದರೆ ಬಹು ದೂರದಲ್ಲಿ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲಾಸ್ ವೇಗಸ್ಸಿನ ಎಂಜಿಎಂ ಎಂಬ ಭಾರಿ ಹೋಟೆಲ್ ಕಂಪನಿಯ ಗಣಕಗಳೊಳಗೆ ಕಳ್ಳರು ನುಗ್ಗಿದರು. ನೌಕರನೊಬ್ಬನ ಸೋಗಿನಲ್ಲಿ ಸಹಾಯ ಕಚೇರಿಗೆ ಫೋನು ಮಾಡಿ ಪ್ರವೇಶ ಸಂಪಾದಿಸಿದರೆಂದು ವರದಿಯಾಯಿತು. ವಾಡೆಗಳಂತೆ ಅನೇಕ ಯಂತ್ರಗಳನ್ನು ಹೊತ್ತ ನೂರಕ್ಕೂ ಮಿಕ್ಕಿದ ದೊಡ್ಡ ಗಣಕಗಳಿಗೆ ಬೀಗ ಜಡಿದೆವೆಂದು ಆ ತಂಡವೇ ಹೇಳಿಕೊಂಡಿತು. ಅತಿಥಿಗಳ ಕೋಣೆಯ ಡಿಜಿಟಲ್ ಕೀಲಿಗಳು ಕೆಲಸ ಮಾಡಲಿಲ್ಲ. ಜೂಜಿನ ಯಂತ್ರಗಳು ನಿಂತವು. ಗೆದ್ದ ಹಣದ ಚೀಟಿಗಳನ್ನು ನೌಕರರು ಕೈಯಿಂದ ಬರೆದುಕೊಟ್ಟರು. ಸುಮಾರು ಹತ್ತು ಕೋಟಿ ಡಾಲರುಗಳ ಹಾನಿಯೆಂದು ಕಂಪನಿ ಅಂದಾಜು ಕೊಟ್ಟಿತು. ಆ ದಿನಗಳಲ್ಲಿ ಸಿಟ್ಟಿಗೆದ್ದ ಅತಿಥಿಗಳೆದುರು ನಿಲ್ಲಬೇಕಾದವರು ಯಾರು? ಮುಂಗಟ್ಟೆಯ ಗುಮಾಸ್ತರು, ಕೋಣೆಯ ಕೆಲಸದವರು, ನಮ್ಮಂಥವರೇ.

ಆದಕಾರಣ ಕೆಲವು ಜಾಣರು ಒಬ್ಬ ಕಾರಭಾರಿಯನ್ನು ಬೇಕೆಂದೇ ಜೋಡಣೆಯ ಹೊರಗಿಡುತ್ತಾರಂತೆ. ಎಲ್ಲ ಲೆಕ್ಕದ ಪ್ರತಿ ಅವನ ಬಳಿ ಇರುತ್ತದೆ, ಅವನ ಕೀಲಿ ಬೇರೆ. ಪೂರ್ಣ ಅಧಿಕಾರವನ್ನು ಇಬ್ಬರು ಮೂವರಿಗೆ ಮಾತ್ರ ಕೊಟ್ಟು, ಉಳಿದವರಿಗೆ ನೋಡುವ ಹಕ್ಕನ್ನಷ್ಟೇ ಕೊಡುವುದೂ ಉಂಟು. ನಮ್ಮ ತರುಣನಿಗೆ ಸದ್ಯ ಸಿಕ್ಕಿರುವುದು ಪುಣೆಯೊಂದರ ಅಧಿಕಾರ. ಅದರ ಬಗ್ಗೆ ಅವನಿಗೆ ಕೊಂಚ ಅಸಮಾಧಾನವಿದೆ.

ನಾವು ಮಾತನಾಡುತ್ತಿರುವಾಗಲೇ ಅವನ ಫೋನು ಬಾರಿಸಿತು. ಬೆಂಗಳೂರಿನ ಹಿರಿಯ ಅಧಿಕಾರಿ ತಾನೆಂದು ಹೇಳಿಕೊಂಡವನೊಬ್ಬ, ಗುಪ್ತಪದ ಮರೆತಿದೆ, ಕೂಡಲೇ ಬದಲಿಸಿಕೊಡಬೇಕೆಂದು ಗದರಿಸುತ್ತಿದ್ದ. “ಕ್ಷಮಿಸಿ ಸರ್, ನಿಮ್ಮ ನಂಬರು ಕಚೇರಿಯ ಪುಸ್ತಕದಲ್ಲಿದೆ, ನಾನೇ ಆ ನಂಬರಿಗೆ ಫೋನು ಮಾಡುತ್ತೇನೆ” ಎಂದು ತರುಣ ಇಟ್ಟುಬಿಟ್ಟ. “ದೊಡ್ಡವರೊಡನೆ ಹೀಗೆ ಮಾತನಾಡಬಹುದೇನಪ್ಪಾ?” ಎಂದು ತಂದೆ ಗಾಬರಿಯಾದರು. ಅಧಿಕಾರಿ ನಿಜವಾದವರೇ ಆಗಿದ್ದರು. ಮರಳಿ ಫೋನು ಮಾಡಿದಾಗ ಬೈಯಲಿಲ್ಲವೆಂದು ಹುಡುಗ ಆಮೇಲೆ ಹೇಳಿದ.