ನಿಮಗಿದು ಗೊತ್ತೆ? ಹಿರಿಯರು ಬೀಳಲು ರಕ್ತಹೀನತೆಯೂ ಕಾರಣ

ಮನೆಯ ಹಿರಿಯರು ಬಚ್ಚಲಲ್ಲಿ ಬಿದ್ದರೆ ನಾವು ಮೊದಲು ದೂರುವುದು ಒದ್ದೆ ನೆಲವನ್ನು. ರಕ್ತ ಪರೀಕ್ಷೆಯ ಯೋಚನೆ ಬರುವುದೇ ಅಪರೂಪ. ಆದರೆ 65 ದಾಟಿದವರ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತಹೀನತೆ ಇದ್ದವರು ಪದೇ ಪದೇ ಬೀಳುವ ಅಪಾಯ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕಂಡುಬಂತು.

ಒಂದು ಡೆಸಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಗಂಡಸರಿಗೆ 13, ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಗ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಕಾಲಿನ ಕಸುವು ಕುಗ್ಗುತ್ತದೆ. ಕುಳಿತವರು ಏಳುವಾಗ ತಲೆ ಸುತ್ತಿ ಕಣ್ಣು ಕತ್ತಲೆ ಬರಬಹುದು. ಬಿ12 ಕೊರತೆಯೂ ಇದ್ದರೆ ಪಾದಗಳು ಜೋಮು ಹಿಡಿಯುತ್ತವೆ. ನಡೆಯುತ್ತಿರುವಾಗ ಚಪ್ಪಲಿ ಕಳಚಿಹೋದದ್ದೇ ಕೆಲವರಿಗೆ ತಿಳಿಯುವುದಿಲ್ಲ!

‘ವಯಸ್ಸಾಯಿತು, ಸುಸ್ತು ಸಹಜ’ ಎಂದು ಸುಮ್ಮನಾಗುವುದು ತಪ್ಪು. ಮೂತ್ರಪಿಂಡದ ತೊಂದರೆಯೋ, ಹೊಟ್ಟೆಯೊಳಗೆ ಗೊತ್ತಾಗದಂತೆ ಸೋರುವ ರಕ್ತವೋ (ಮಂಡಿನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಇದರ ಭಯ ಹೆಚ್ಚು) ಮೂಲ ಕಾರಣವಾಗಿರಬಹುದು. ಹಾಗಾಗಿ ಕಬ್ಬಿಣಾಂಶದ ಮಾತ್ರೆಯನ್ನು ನೀವಾಗಿಯೇ ತಂದು ಕೊಡಬೇಡಿ. ಹಿರಿಯರು ಬಿದ್ದಾಗ ಎಕ್ಸ್‌ರೇ ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ, ವೈದ್ಯರಿಗೆ ತೋರಿಸಿ.