ಕಣಜದಲ್ಲಿ ಧಾನ್ಯವು ಕಟ್ಟಿಕೊಳ್ಳುವ ಬಗೆ

ಕಣಜದ ಅಡಿಯ ಕಂಡಿಯನ್ನು ತೆರೆದೊಡನೆ ಧಾನ್ಯವು ನೀರಿನಂತೆ ಸುರಿಯುವುದು. ಕೆಲವು ವೇಳೆ ಕಣಜವು ತುಂಬಿದ್ದರೂ ಹರಿವು ಥಟ್ಟನೆ ನಿಂತುಹೋಗುವುದು. ಆಗ ಆಳೊಬ್ಬನನ್ನು ಮೇಲಿನಿಂದ ಇಳಿಸಿ ತುಳಿಸುವುದುಂಟು. ಇದು ಪ್ರಾಣಾಪಾಯಕರವಾದುದು. ಇದರ ಕಾರಣವನ್ನು ಊರಿನ ಮುಖ್ಯಸ್ಥರೂ ಭೂಮಾಲೀಕರೂ ತಿಳಿದಿರುವುದು ಆವಶ್ಯಕ.

ಧಾನ್ಯವು ಹರಿದರೂ ನೀರಲ್ಲ. ನೀರನ್ನು ರಾಶಿ ಹಾಕಲಾಗದು. ಧಾನ್ಯವಾದರೋ ಕಣದಲ್ಲಿ ರಾಶಿಯಾಗಿ ನಿಲ್ಲುವುದು. ಕಾಳು ಕಾಳುಗಳ ನಡುವಣ ಘರ್ಷಣೆಯೇ ಇದಕ್ಕೆ ಕಾರಣ. ಕೆರೆಯ ನೀರು ಆಳವಾದಷ್ಟೂ ತಳದ ಒತ್ತಡವು ಹೆಚ್ಚುವುದು. ಎತ್ತರವಾದ ಕಣಜದಲ್ಲಿ ಹಾಗಲ್ಲ. ಅಲ್ಲಿ ಧಾನ್ಯದ ಭಾರದ ಬಹುಭಾಗವನ್ನು ಗೋಡೆಗಳೇ ಹೊರುವುವೆಂದು ಜರ್ಮನಿಯ ಯಾನ್ಸೆನ್ ಎಂಬ ಇಂಜಿನಿಯರು 1895ರಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟನು.

ಕಂಡಿಯು ಕಿರಿದಾದರೆ ಕಾಳುಗಳು ಒಂದಕ್ಕೊಂದು ಆತುಕೊಂಡು ಕಲ್ಲಿನ ಕಮಾನಿನಂತೆ ನಿಂತು ಮೇಲಿನ ಭಾರವನ್ನು ಹೊರುವುವು. ಗುಂಡನೆಯ ಕಾಳಿಗೆ ಕಂಡಿಯ ಅಗಲವು ಕಾಳಿನ ಗಾತ್ರದ ಐದಾರು ಪಟ್ಟಿಗಿಂತ ಹೆಚ್ಚಾಗಿರಬೇಕು. ಬತ್ತದಂತಹ ಉದ್ದನೆಯ ಕಾಳಿಗೆ ಇನ್ನೂ ಹೆಚ್ಚು ಬೇಕು. ತೇವದಿಂದ ಕಾಳುಗಳು ಅಂಟಿಕೊಂಡಿದ್ದರೆ ದೊಡ್ಡ ಕಂಡಿಯ ಮೇಲೂ ಕಮಾನು ಕಟ್ಟುವುದು. ಕೂರಿಗೆಯ ಬಟ್ಟಲಿಗೆ ಹಿಡಿ ಬೀಜವನ್ನು ಒಮ್ಮೆಗೇ ಸುರಿದರೆ ಕೊಳವೆಗಳು ಕಟ್ಟಿಕೊಳ್ಳುವುದೂ ಇದೇ ರೀತಿಯಲ್ಲಿ.

ಬಿಗಿಯಾಗಿ ಕುಳಿತ ಕಾಳುಗಳು ಜರುಗಬೇಕಾದರೆ ಒಂದನ್ನೊಂದು ಹತ್ತಿ ದಾಟಬೇಕು. ಅದಕ್ಕಾಗಿ ರಾಶಿಯು ತುಸು ಹಿಗ್ಗಲೇಬೇಕು. ಮ್ಯಾಂಚೆಸ್ಟರಿನ ಪ್ರಾಧ್ಯಾಪಕನಾದ ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲಿ ಇದನ್ನು ವಿವರಿಸಿದನು. ಹಿಗ್ಗಲು ಎಡೆಯಿಲ್ಲದಿದ್ದರೆ ಕಾಳುಗಳು ಎಳೆದಷ್ಟೂ ಬಿಗಿಯುವುವು. ಕಿರುಬಾಯಿಯ ಚೊಂಬಿಗೆ ಅಕ್ಕಿಯನ್ನು ತುಂಬಿ, ತಟ್ಟಿ, ಕೋಲನ್ನು ಹಲವು ಸಲ ಆಳವಾಗಿ ಚುಚ್ಚಿ ಎತ್ತಿದರೆ, ಕೋಲಿನೊಡನೆ ಚೊಂಬೂ ಮೇಲೇಳುವುದುಂಟು.

ಕಣಜಕ್ಕೆ ಇಳಿದವನ ಗತಿಯು ಈ ಕೋಲಿನದೇ. ಕಮಾನಿನ ಕೆಳಗೆ ಬರಿಯ ಪೊಳ್ಳು ಇರುವುದು. ಅವನ ಭಾರಕ್ಕೆ ಅದು ಕುಸಿದೊಡನೆ ಹರಿಯುವ ಧಾನ್ಯವು ಅವನನ್ನು ಕೆಲವೇ ಕ್ಷಣಗಳಲ್ಲಿ ಸೊಂಟದವರೆಗೂ ಸೆಳೆಯುವುದು. ಎದೆಯವರೆಗೆ ಮುಳುಗಿದರೆ, ಪ್ರತಿಸಲ ಉಸಿರು ಬಿಟ್ಟಾಗಲೂ ಕುಗ್ಗಿದ ಎಡೆಗೆ ಕಾಳುಗಳು ತುಂಬಿ, ಮತ್ತೆ ಉಸಿರೆಳೆಯದಂತೆ ಒತ್ತುವುವು.

ಆದುದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಧಾನ್ಯವನ್ನು ಚೆನ್ನಾಗಿ ಒಣಗಿಸಿ, ಕಸಕಡ್ಡಿಗಳನ್ನು ತೆಗೆದು ತುಂಬಬೇಕು.

2. ಕಂಡಿಯು ಸಾಕಷ್ಟು ಅಗಲವಾಗಿಯೂ, ಕಣಜದ ತಳವು ನುಣುಪಾದ ಕಡಿದು ಇಳಿಜಾರಾಗಿಯೂ ಇರಬೇಕು.

3. ಧಾನ್ಯವು ಕಟ್ಟಿಕೊಂಡರೆ ಹೊರಗೆ ನಿಂತು ಉದ್ದನೆಯ ಗಳುವಿನಿಂದ ಬಿಡಿಸಬೇಕು. ಯಾರನ್ನೂ ಒಳಗೆ ಇಳಿಸಕೂಡದು.

4. ಯಾರಾದರೂ ಸಿಕ್ಕಿಕೊಂಡರೆ ಒಡನೆಯೇ ಕಂಡಿಯನ್ನು ಮುಚ್ಚಿ, ಅಗ್ನಿಶಾಮಕ ದಳವನ್ನು ಕರೆಸಬೇಕು. ಹಗ್ಗ ಕಟ್ಟಿ ಎಳೆದರೆ ಮೈಗೆ ಪೆಟ್ಟಾಗುವುದೇ ಹೊರತು ಬಿಡುಗಡೆಯಾಗದು. ಅವನ ಸುತ್ತಲೂ ಹಲಗೆಗಳನ್ನು ನಾಟಿ, ಅವುಗಳ ಒಳಗಿನ ಧಾನ್ಯವನ್ನು ಮೊಗೆದು ತೆಗೆದರೆ ಬಿಗಿತವು ತಾನಾಗಿ ಸಡಿಲುವುದು.

ಸುಗ್ಗಿಗೆ ಮುಂಚೆಯೇ ಈ ವಿಷಯವನ್ನು ಆಳುಮಕ್ಕಳಿಗೆ ತಿಳಿಯಹೇಳುವುದು ಯಜಮಾನರ ಹೊಣೆ.