ಬಂದರಿನ ಎರಡು ಗಡಿಯಾರಗಳು

ವ್ಯಾಪಾರಕ್ಕೆ ಬಂಡವಾಳ ಬೇಕು, ಸರಕು ಬೇಕು, ಗಿರಾಕಿ ಬೇಕು ಎಂಬುದನ್ನು ಅರ್ಥಶಾಸ್ತ್ರದ ಮೊದಲ ಪಾಠದಲ್ಲಿಯೇ ನಾವೆಲ್ಲರೂ ಓದಿದ್ದೇವೆ. ಆದರೆ ಕಾಲಕ್ಕೂ ಒಂದು ಬೆಲೆಯುಂಟು, ಅದನ್ನು ದಿನದ ಲೆಕ್ಕದಲ್ಲಿ ತೆರಬೇಕಾಗುತ್ತದೆ ಎಂಬುದನ್ನು ಅರಿಯಬೇಕಾದರೆ ಬಂದರಿನ ವ್ಯವಹಾರವನ್ನು ನೋಡಬೇಕು. ಹೊರದೇಶದಿಂದ ಸರಕು ತರಿಸುವ ಎಷ್ಟೋ ಸಣ್ಣ ವರ್ತಕರು ಸೋಲುವುದು ಸಮುದ್ರದ ಬಿರುಗಾಳಿಗಲ್ಲ. ಹಡಗು ಕ್ಷೇಮವಾಗಿ ದಡ ಸೇರಿದ ಮೇಲೆ, ಕಾಗದಪತ್ರಗಳ ವಿಳಂಬಕ್ಕೆ.

ನಮ್ಮ ಕರಾವಳಿಯ ಗೇರುಬೀಜದ ಉದ್ಯಮವನ್ನೇ ತೆಗೆದುಕೊಳ್ಳೋಣ. ಇಲ್ಲಿನ ತೋಟಗಳ ಬೆಳೆ ಇಲ್ಲಿನ ಕಾರ್ಖಾನೆಗಳಿಗೆ ಸಾಲದು. ಆದುದರಿಂದ ಆಫ್ರಿಕಾದ ಟಾಂಜಾನಿಯ, ಬೆನಿನ್, ಐವರಿ ಕೋಸ್ಟ್ ಮುಂತಾದ ದೇಶಗಳಿಂದ ಹಸಿಬೀಜವು ಕಂಟೈನರುಗಳಲ್ಲಿ ತುಂಬಿ ಪಣಂಬೂರಿನ ನವಮಂಗಳೂರು ಬಂದರಿಗೆ ಬರುತ್ತದೆ. ನನ್ನ ತಾಯಿ ಇಂಥ ಒಂದು ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುತ್ತಾರೆ. ಕೂಲಿ ಸುಲಿದ ತೂಕದ ಮೇಲೆ. ಬಂದರಿನಲ್ಲಿ ಬೀಜ ನಿಂತರೆ ನಮ್ಮಂಥ ಮನೆಗಳಲ್ಲಿ ವಾರದ ಸಂಪಾದನೆಯೂ ನಿಲ್ಲುತ್ತದೆ. ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದು ಅದರಿಂದಲೇ.

ಕಂಟೈನರು ಹಡಗಿನಿಂದ ಇಳಿದೊಡನೆ ಎರಡು ಗಡಿಯಾರಗಳು ಓಡತೊಡಗುತ್ತವೆ. ಒಂದು ಬಂದರಿನದು. ಅದರ ನೆಲವನ್ನು ಕೆಲವು ದಿನ ಬಿಟ್ಟಿಯಾಗಿ ಬಳಸಬಹುದು. ಬಳಿಕ ಬಾಡಿಗೆ ಕೊಡಬೇಕು. ಇನ್ನೊಂದು ಹಡಗು ಕಂಪೆನಿಯದು. ಪೆಟ್ಟಿಗೆ ಅವರ ಸ್ವತ್ತು; ಅದನ್ನು ಗೊತ್ತುಮಾಡಿದ ದಿನಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅದಕ್ಕೂ ಹಣ. ಮೊದಲನೆಯದನ್ನು ಡೆಮರೇಜ್, ಎರಡನೆಯದನ್ನು ಡಿಟೆನ್ಷನ್ ಎಂದು ಸಾಮಾನ್ಯವಾಗಿ ಕರೆಯುವರು. ಪೆಟ್ಟಿಗೆ ಬಂದರಿನ ಬಾಗಿಲು ದಾಟಿದರೆ ಮೊದಲನೆಯ ಗಡಿಯಾರ ನಿಲ್ಲುತ್ತದೆ. ಎರಡನೆಯದು ಖಾಲಿ ಪೆಟ್ಟಿಗೆ ಮರಳುವವರೆಗೂ ನಿಲ್ಲದು. ದಿನ ಕಳೆದಂತೆ ದರವೂ ಏರುವುದುಂಟು. ಕೊನೆಗೆ ಮೂಗಿಗಿಂತ ಮೂಗುತಿಯೇ ಭಾರವಾಗುತ್ತದೆ.

ಇವೆರಡರ ಜೊತೆಗೆ ಸರ್ಕಾರದ ದಂಡವೂ ಇದೆ. 1962ರ ಕಸ್ಟಮ್ಸ್ ಕಾಯಿದೆಯ 46ನೆಯ ಪ್ರಕರಣಕ್ಕೆ 2021ರಲ್ಲಿ ಆದ ತಿದ್ದುಪಡಿಯಂತೆ, ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ ಆಫ್ ಎಂಟ್ರಿ ಎಂಬ ಪತ್ರವನ್ನು ಸಾಮಾನ್ಯವಾಗಿ ಸಲ್ಲಿಸಿರಬೇಕು. ತಡವಾದರೆ ಮೊದಲ 3 ದಿನ ದಿನಕ್ಕೆ 5,000 ರೂಪಾಯಿ, ಅನಂತರ ದಿನಕ್ಕೆ 10,000 ರೂಪಾಯಿ. ಐದು ದಿನ ತಡವಾಯಿತೆನ್ನಿ, 35,000 ರೂಪಾಯಿ ಹೋಯಿತು. 30 ದಿನಗಳೊಳಗೆ ಸರಕನ್ನು ಬಿಡಿಸಿಕೊಳ್ಳದಿದ್ದರೆ, ನೋಟೀಸು ಕೊಟ್ಟು ಅದನ್ನು ಮಾರಿಬಿಡುವುದಕ್ಕೂ 48ನೆಯ ಪ್ರಕರಣದಲ್ಲಿ ಅವಕಾಶವಿದೆ.

ಹಾಗಾದರೆ ಪರಿಹಾರವೇನು? ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರನ್ನು ನೋಡಿ ನಾವು ನಗುತ್ತೇವೆ. ಆದರೆ ಈ ವ್ಯಾಪಾರದಲ್ಲಿ ಮೊದಲೇ ಕುಲಾವಿ ಹೊಲಿಸುವವನೇ ಜಾಣ. ಹಡಗು ಬರುವುದಕ್ಕೆ 30 ದಿನ ಮುಂಚಿನಿಂದಲೇ ಬಿಲ್ ಆಫ್ ಎಂಟ್ರಿ ಸಲ್ಲಿಸಬಹುದು. ಹಡಗು ಅತ್ತ ಹೊರಡುವ ಮೊದಲೇ ಬಿಲ್ ಆಫ್ ಲೇಡಿಂಗಿನ ಕರಡನ್ನು ತರಿಸಿ ಹೆಸರು, ತೂಕ, ಚೀಲಗಳ ಎಣಿಕೆಯನ್ನು ಇನ್‌ವಾಯ್ಸಿನೊಡನೆ ತಾಳೆ ನೋಡಬೇಕು. ಬೀಜಕ್ಕೆ ಸಸ್ಯರೋಗವಿಲ್ಲವೆಂಬ ಪ್ರಮಾಣಪತ್ರ ಸಿದ್ಧವಿದೆಯೇ ಎಂದು ವಿಚಾರಿಸಬೇಕು. ಬಿಟ್ಟಿ ದಿನಗಳು ಎಷ್ಟು, ಯಾವ ದಿನದಿಂದ ಎಣಿಕೆ, ಭಾನುವಾರವೂ ಸೇರುವುದೇ ಎಂಬುದನ್ನು ಹಡಗು ಕಂಪೆನಿಯಿಂದ ಬರಹದಲ್ಲಿ ಪಡೆಯಬೇಕು. ಸುಂಕ ಕಟ್ಟುವ ಹಣವನ್ನೂ ಪೆಟ್ಟಿಗೆ ಸಾಗಿಸುವ ಲಾರಿಯನ್ನೂ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಹೇಗೂ ತಡವಾಗುವುದೆಂದು ಕಂಡರೆ 49ನೆಯ ಪ್ರಕರಣದಂತೆ ಅನುಮತಿ ಬೇಡಿ ಸರಕನ್ನು ಉಗ್ರಾಣಕ್ಕೆ ಸಾಗಿಸಬಹುದು. ಪೆಟ್ಟಿಗೆಯಾದರೂ ಬೇಗ ಖಾಲಿಯಾಗುತ್ತದೆ.

ತಪ್ಪು ನಮ್ಮದಲ್ಲವಾದರೆ ಬಾಡಿಗೆ ಏಕೆ ಕೊಡಬೇಕು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ 1995ರ ಗ್ರ್ಯಾಂಡ್ ಸ್ಲ್ಯಾಮ್ ಇಂಟರ್‌ನ್ಯಾಷನಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕಸ್ಟಮ್ಸಿನವರು ಸರಕನ್ನು ತಡೆದುದು ಸರಿಯಲ್ಲವೆಂದಾದರೂ ಅದನ್ನು ಇರಿಸಿಕೊಂಡವರಿಗೆ ಬಾಡಿಗೆ ಸಲ್ಲಬೇಕೆಂದು ತೀರ್ಪಿತ್ತಿತು. ತಡೆಹಿಡಿದ ಸರಕಿನ ಮಟ್ಟಿಗೆ 2009ರ ನಿಯಮಗಳು ರಿಯಾಯಿತಿ ಕಲ್ಪಿಸಿದುವಾದರೂ ಅದು ಇತರ ಕಾನೂನುಗಳಿಗೆ ಒಳಪಟ್ಟದ್ದು. ಗಡಿಯಾರವು ತಪ್ಪು ಯಾರದೆಂದು ವಿಚಾರಿಸುವುದಿಲ್ಲ.

ನಮ್ಮಲ್ಲಿ ಅನೇಕರು ನಾಳೆ ಯಾವುದಾದರೊಂದು ಕಚೇರಿಯ ಮೇಜಿನ ಮುಂದೆ ಕೂಡುವವರು. ಅಲ್ಲಿ ಒಂದು ತೂಕದ ಅಂಕಿಯನ್ನು ಸರಿಯಾಗಿ ಬರೆಯುವುದು ನಮಗೆ ಅಲ್ಪ ಕೆಲಸವಾಗಿ ಕಾಣಬಹುದು. ಆ ಅಂಕಿಯ ಹಿಂದೆ ಕೂಲಿಗಾಗಿ ಕಾದಿರುವವರಿದ್ದಾರೆ ಎಂಬುದನ್ನು ನೆನಪಿನಲ್ಲಿಟ್ಟರೆ ಅದು ಅಲ್ಪವೆನಿಸಲಾರದು.